ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಶೆಲ್ಟರ್ ನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಬೀಗ ಹಾಕಿ ಸಂಜೆ ತೆಗೆಯುವ ಮನೆಯವರು ನಾಯಿ ದತ್ತು ಪಡೆಯುವ ಮುಂಚೆ, ಪಡೆದ ಮೇಲೆ ಕೇಳುವ ಪ್ರಶ್ನೆಗಳಿವು. ಬೆಂಗಳೂರು, ಮೈಸೂರಿನಂಥ ಊರುಗಳ ಶೆಲ್ಟರ್‌ಗಳಲ್ಲಿ (ದಿಕ್ಕಿಲ್ಲದ ನಾಯಿಗಳಿಗೆ ಆಶ್ರಯ ಕೊಟ್ಟು, ದತ್ತು ಕೊಡುವ ಜಾಗಗಳಲ್ಲಿ) ಹೆಚ್ಚಾಗಿ ಸಿಗುವ, 15ರಿಂದ 20 ಕೆ.ಜಿ. ತೂಗುವ ನಾಟಿ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇವೆ.

## ತೀರ್ಮಾನ ಮಾಡುವ ಮುಂಚೆ

ಗಂಡ ಹೆಂಡತಿ ಇಬ್ಬರೂ ಒಂಬತ್ತಕ್ಕೆ ಹೊರಟ್ರೆ ಬರೋದು ಸಂಜೆ ಏಳಕ್ಕೆ. ನಮ್ಮಂಥೋರು ನಾಯಿ ಸಾಕಬಹುದಾ?

ಸಾಕಬಹುದು. ಬೆಳೆದ ನಾಯಿ ದಿನದ 12ರಿಂದ 14 ಗಂಟೆ ನಿದ್ದೆಯಲ್ಲೋ ಮಂಪರಿನಲ್ಲೋ ಕಳೆಯುತ್ತದೆ. ನೀವು ಆಫೀಸಿನಲ್ಲಿರುವಾಗ ಅದು ಮಲಗಿಯೇ ಇರುತ್ತದೆ, ನಡುವೆ ಎದ್ದು ನೀರು ಕುಡಿದು ಮತ್ತೆ ಮಲಗುತ್ತದೆ. ಆದರೆ ಒಂದೇ ಸಮ ಹತ್ತು ಗಂಟೆ ಬೀಗ ಹಾಕಿಡುವುದು ತಪ್ಪು. ಮೂತ್ರ ತಡೆದುಕೊಳ್ಳಲು ಬೆಳೆದ ನಾಯಿಗೆ 6 ಗಂಟೆ ಸಲೀಸು, 8 ಗಂಟೆ ಕಡೆಯ ಗಡಿ. ಹಾಗಾಗಿ ಮಧ್ಯಾಹ್ನ ಒಮ್ಮೆ ಬಾಗಿಲು ತೆಗೆದು ಕೆಳಗೆ ಕರೆದೊಯ್ಯುವವರು ಬೇಕೇ ಬೇಕು. ಅವರು ಡಾಗ್ ವಾಕರ್ ಆಗಬಹುದು, ಪಕ್ಕದ ಬೀದಿಯಲ್ಲಿರುವ ಅತ್ತಿಗೆ ಆಗಬಹುದು, ಕಾಲೇಜು ಹುಡುಗ ಆಗಬಹುದು. ಅವರ ಹೆಸರು, ಬರುವ ಸಮಯ, ಅವರು ಬಾರದ ದಿನ ಬೇರೆ ಯಾರು ಎಂಬ ಮೂರೂ ಖಾತ್ರಿಯಾಗುವ ತನಕ ನಾಯಿ ತರಬೇಡಿ.

ಇದರ ಜೊತೆಗೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಿಮ್ಮದೇ ಆಗಬೇಕು. ಮಳೆಯಿರಲಿ, ಭಾನುವಾರವಿರಲಿ, ಮುಂದಿನ ಹತ್ತು ಹನ್ನೆರಡು ವರ್ಷ.

ಮರಿ ತಂದ್ರೆ ನಮ್ಗೆ ಚೆನ್ನಾಗಿ ಹೊಂದ್ಕೊಳ್ಳತ್ತೆ ಅಂತಾರೆ. ನೀವ್ಯಾಕೆ ಬೇಡ ಅಂತೀರಿ?

ಮರಿಯ ಮೂತ್ರಕೋಶ ನಿಮ್ಮ ಆಫೀಸ್ ಸಮಯಕ್ಕೆ ಒಗ್ಗುವುದಿಲ್ಲ. ತಿಂಗಳ ಲೆಕ್ಕದ ವಯಸ್ಸಿಗೆ ಒಂದು ಕೂಡಿಸಿ. ಹೆಚ್ಚೆಂದರೆ ಅಷ್ಟು ಗಂಟೆ ತಡೆಯಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ, ಅದೂ ನಿದ್ದೆಯಲ್ಲಿದ್ದರೆ. ದಿನಕ್ಕೆ ಮೂರು ನಾಲ್ಕು ಸಲ ಊಟ, ಲಸಿಕೆ ಮುಗಿಯುವ ತನಕ ಬೀದಿಗೆ ಇಳಿಸುವಂತಿಲ್ಲ, ಹಲ್ಲು ಬರುವಾಗ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಒಂಟಿಯಾಗಿ ಬಿಟ್ಟ ಮರಿ ತನ್ನ ಗಲೀಜಿನಲ್ಲೇ ಮಲಗುವುದನ್ನು ರೂಢಿ ಮಾಡಿಕೊಳ್ಳುತ್ತದೆ, ಆಮೇಲೆ ಅದನ್ನು ಬಿಡಿಸಲು ತಿಂಗಳುಗಳೇ ಬೇಕು.

ಎರಡರಿಂದ ಆರು ವರ್ಷದ ನಾಯಿ ನಿಮ್ಮ ಮನೆಗೆ ಸರಿಹೋಗುತ್ತದೆ. ಅದರ ಗಾತ್ರ, ಸ್ವಭಾವ, ಬೊಗಳುವ ಅಭ್ಯಾಸ ಎಲ್ಲ ಕಣ್ಣಿಗೆ ಕಾಣುವಂತಿರುತ್ತವೆ. ಏಳೆಂಟು ವರ್ಷ ದಾಟಿದ್ದಾದರೆ ಇನ್ನೂ ಒಳ್ಳೆಯದು. ಹಗಲು ಪೂರ್ತಿ ನಿದ್ದೆ ಮಾಡುವ, ಶೆಲ್ಟರ್‌ನಲ್ಲಿ ಯಾರೂ ತಿರುಗಿಯೂ ನೋಡದ ನಾಯಿಗಳು ಇವೇ. ನೋಡುವುದು ಜಾತಿಯನ್ನಲ್ಲ, ವಯಸ್ಸನ್ನು. ಹೊಂದಿಕೊಳ್ಳುವ ವಿಷಯಕ್ಕೆ ಬಂದರೆ, ಬೆಳೆದ ನಾಯಿಯೂ ಅಷ್ಟೇ ಗಾಢವಾಗಿ ಹಚ್ಚಿಕೊಳ್ಳುತ್ತದೆ. ಅನುಮಾನವೇ ಬೇಡ.

ಶೆಲ್ಟರ್‌ಗೆ ಹೋದಾಗ ಏನು ನೋಡ್ಬೇಕು, ಏನು ಕೇಳ್ಬೇಕು?

1991ರಲ್ಲಿ ಶುರುವಾದ ಬೆಂಗಳೂರಿನ ಪ್ರಾಣಿ ರಕ್ಷಣಾ ಸಂಸ್ಥೆ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್‌ನಿಂದ ಹಿಡಿದು ಹತ್ತು ನಾಯಿ ಸಾಕಿರುವ ಸಣ್ಣ ಶೆಲ್ಟರ್ ತನಕ ಎಲ್ಲೇ ಹೋದರೂ ನಿಮ್ಮ ಗುರುತಿನ ಚೀಟಿ ಕೇಳುತ್ತಾರೆ, ಅರ್ಜಿ ತುಂಬಿಸುತ್ತಾರೆ, ಮನೆ ನೋಡಲು ಬರುವುದೂ ಉಂಟು. ಬೇಸರ ಪಡಬೇಡಿ. ಇಷ್ಟು ಕೇಳುವ ಶೆಲ್ಟರ್‌ನವರು ಆಮೇಲೆಯೂ ಫೋನ್ ಎತ್ತುತ್ತಾರೆ.

ನಿಮ್ಮ ಕೆಲಸದ ಸಮಯವನ್ನು ಮುಚ್ಚಿಡದೆ ಹೇಳಿ. ಆಮೇಲೆ ಕೇಳಿ: ಈ ನಾಯಿ ಬೀದಿಯಿಂದ ಬಂದದ್ದೋ, ಮನೆಯವರು ಬಿಟ್ಟು ಹೋದದ್ದೋ? ಯಾವತ್ತಾದರೂ ಫಾಸ್ಟರ್ ಮನೆಯಲ್ಲಿ, ಅಂದರೆ ದತ್ತು ಆಗುವ ತನಕ ತಾತ್ಕಾಲಿಕವಾಗಿ ಸಾಕುವವರ ಮನೆಯಲ್ಲಿ, ಇತ್ತಾ? ಒಂಟಿಯಾಗಿ ಕೋಣೆಯಲ್ಲಿ ಬಿಟ್ಟಾಗ ಏನು ಮಾಡಿತು? ಹಿಂದೆ ಯಾರಾದರೂ ಕರೆದೊಯ್ದು ವಾಪಸ್ ತಂದರಾ, ಯಾಕೆ? ಕಡೆಯ ಪ್ರಶ್ನೆಗೆ "ಒಂಟಿಯಾಗಿ ಇರೋದಿಲ್ಲ, ಊಳಿಡುತ್ತೆ" ಎಂಬ ಉತ್ತರ ಬಂದರೆ ಅದು ಎಷ್ಟೇ ಮುದ್ದಾಗಿದ್ದರೂ ನಿಮ್ಮ ಮನೆಗಲ್ಲ.

ಬೋನಿನಲ್ಲಿ ಬೊಗಳುವುದನ್ನು ನೋಡಿ ಅಳೆಯಬೇಡಿ, ಅಲ್ಲಿ ಎಲ್ಲವೂ ಬೊಗಳುತ್ತವೆ. ಹೊರಗೆ ಕರೆಸಿ, ಅರ್ಧ ಗಂಟೆ ನಡೆಸಿ. ನಡುವೆ ಸುಮ್ಮನೆ ನಿಂತುಬಿಡಿ. ಒಂದೆರಡು ನಿಮಿಷದಲ್ಲಿ ನೆಲ ಮೂಸುತ್ತಲೋ ಕೂರುತ್ತಲೋ ಸಮಾಧಾನವಾಗುವ ನಾಯಿ ಒಂಟಿತನವನ್ನೂ ತಾಳಿಕೊಳ್ಳುವ ಸಂಭವ ಹೆಚ್ಚು. ಸಾಧ್ಯವಾದರೆ ಅವರ ಆಫೀಸ್ ಕೋಣೆಯಲ್ಲಿ ಬಿಟ್ಟು ಐದು ನಿಮಿಷ ಬಾಗಿಲು ಮುಚ್ಚಿ ಹೊರಗೆ ನಿಂತು ಕೇಳಿಸಿಕೊಳ್ಳಿ. ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ ಅದೇ ನಾಯಿಯನ್ನು ನೋಡಿ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ನಾಯಿ ಬೇಡ ಅಂದ್ರೆ?

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಸೋಸಿಯೇಷನ್‌ಗಳು ಸಾಕುನಾಯಿ ನಿಷೇಧಿಸುವಂತಿಲ್ಲ, ಬಹುಮತದ ನಿರ್ಣಯ ಮಾಡಿದರೂ ಆಗದು. ಬೆಲ್ಟು ಹಾಕಿ ಹಿಡಿದುಕೊಳ್ಳುವುದು, ಗಲೀಜು ಎತ್ತುವುದು ನಿಮ್ಮ ಪಾಲಿನ ಜವಾಬ್ದಾರಿ. ಬಾಡಿಗೆ ಮನೆಯ ಮಾತು ಬೇರೆ. ಮಾಲೀಕರ ಒಪ್ಪಿಗೆಯನ್ನು ನಾಯಿ ತರುವ ಮೊದಲೇ ಕರಾರುಪತ್ರದಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ "ಪರವಾಗಿಲ್ಲ" ಮೊದಲ ದೂರು ಬರುವ ತನಕ ಮಾತ್ರ ನಿಲ್ಲುತ್ತದೆ.

ಶೆಲ್ಟರ್ ಯಾಕೆ, ನಾವು ದಿನಾ ಊಟ ಹಾಕೋ ಬೀದಿನಾಯೀನೇ ಒಳಗೆ ಕರ್ಕೊಂಡ್ರೆ?

ತನ್ನ ಬೀದಿಯಲ್ಲಿ ಹಾಯಾಗಿರುವ ಬೆಳೆದ ನಾಯಿಗೆ ಹತ್ತು ಗಂಟೆಯ ಬೀಗ ಶಿಕ್ಷೆಯೇ. ಗಾಯವಾದದ್ದು, ಮನೆಯವರು ಬಿಟ್ಟುಹೋದದ್ದು, ಗೇಟು ತೆರೆದರೆ ತಾನಾಗಿ ಒಳಗೆ ಬಂದು ಮಲಗುವಂಥದ್ದು ಆದರೆ ಯೋಚಿಸಿ. ಮೊದಲು ವಾರಾಂತ್ಯಗಳಲ್ಲಿ ಒಂದೆರಡು ಗಂಟೆ ಒಳಗೆ ಬಿಟ್ಟುಕೊಂಡು ನೋಡಿ. ಒಮ್ಮೆ ದತ್ತು ಎಂದು ತೆಗೆದುಕೊಂಡ ಬೀದಿನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ತೆಗೆದುಕೊಂಡವರ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

## ಮನೆಗೆ ಬಂದ ಮೊದಲ ವಾರಗಳು

ಎಷ್ಟು ದಿನ ರಜೆ ಹಾಕ್ಬೇಕು? ಆ ರಜೆಯಲ್ಲಿ ಏನು ಮಾಡ್ಬೇಕು?

ಇಬ್ಬರಿಂದ ಸೇರಿ ಹತ್ತು ಹನ್ನೆರಡು ದಿನ. ಇಬ್ಬರೂ ಒಟ್ಟಿಗೆ ರಜೆ ಹಾಕಬೇಡಿ, ಒಬ್ಬರ ನಂತರ ಒಬ್ಬರು ಹಾಕಿ. ಎಲ್ಲರೂ ಮಾಡುವ ತಪ್ಪೆಂದರೆ ರಜೆ ಪೂರ್ತಿ ನಾಯಿಯನ್ನು ಅಂಟಿಕೊಂಡಿದ್ದು, ಸೋಮವಾರ ಬೆಳಗ್ಗೆ ಏಕಾಏಕಿ ಮಾಯವಾಗುವುದು. ಒಂಟಿಯಾಗಿರುವುದನ್ನು ಆ ರಜೆಯಲ್ಲೇ ಕಲಿಸಬೇಕು.

ಮೊದಲೆರಡು ದಿನ ಮನೆಯೊಳಗೇ ಅಭ್ಯಾಸ: ಬಚ್ಚಲಿಗೆ ಹೋಗಿ ಬಾಗಿಲು ಹಾಕಿ, ಹತ್ತು ಸೆಕೆಂಡ್ ಬಿಟ್ಟು ಬನ್ನಿ, ಮಾತಾಡಿಸದೆ ನಿಮ್ಮ ಕೆಲಸ ಮುಂದುವರಿಸಿ. ಮೂರನೇ ದಿನ ಮುಂಬಾಗಿಲು. ಹತ್ತು ಸೆಕೆಂಡ್, ಅರ್ಧ ನಿಮಿಷ, ಎರಡು ನಿಮಿಷ, ನಡುವೆ ಮತ್ತೆ ಅರ್ಧ ನಿಮಿಷ. ಸಮಯ ಏರುತ್ತಲೇ ಹೋದರೆ ನಾಯಿ ಲೆಕ್ಕ ಹಿಡಿದುಬಿಡುತ್ತದೆ, ಹಾಗಾಗಿ ಹೆಚ್ಚು ಕಡಿಮೆ ಮಾಡುತ್ತಿರಿ. ಐದನೇ ದಿನದ ಹೊತ್ತಿಗೆ ಇಪ್ಪತ್ತು ನಿಮಿಷ, ಮೊದಲ ವಾರ ಮುಗಿಯುವಾಗ ಒಂದು ಗಂಟೆ, ಎರಡನೇ ವಾರದಲ್ಲಿ ಮೂರು ನಾಲ್ಕು ಗಂಟೆ. ಹಳೇ ಮೊಬೈಲಿನಲ್ಲಿ ವಿಡಿಯೊ ಕಾಲ್ ಹಾಕಿಟ್ಟು ಹೋಗಿ ನೋಡುತ್ತಿರಿ. ಗಾಬರಿ ಇದ್ದರೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ನಾಯಿ ಗಾಬರಿಯಾದರೆ ಹಿಂದಿನ ಹಂತಕ್ಕೆ ಇಳಿಯಿರಿ. ಈ ದಿನಗಳ ಲೆಕ್ಕ ಅಂದಾಜು, ನಾಯಿಯ ವೇಗವೇ ಕೊನೆಯ ಮಾತು.

ಬಂದಾಗಿನಿಂದ ಮಂಚದ ಕೆಳಗೇ ಕೂತಿದೆ, ಊಟಾನೂ ಮುಟ್ಟಿಲ್ಲ. ಏನ್ಮಾಡೋದು?

ಎಳೆಯಬೇಡಿ, ಬಗ್ಗಿ ಇಣುಕಬೇಡಿ, ನೆಂಟರನ್ನು ಕರೆಯಬೇಡಿ. ನೀರು, ಊಟ ಹತ್ತಿರದಲ್ಲಿಟ್ಟು ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಪುಸ್ತಕ ಓದಿ. ಶೆಲ್ಟರ್‌ನಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಮೊದಲ ವಾರ ಕೊಡಿ. ಮೂರು ದಿನ ಭಯ, ಮೂರು ವಾರ ದಿನಚರಿಗೆ ಒಗ್ಗುವುದು, ಮೂರು ತಿಂಗಳಿಗೆ ತನ್ನ ಮನೆ ಎನ್ನಿಸುವುದು ಎಂಬ ಅಂದಾಜು ಲೆಕ್ಕ ನಾಯಿ ಸಾಕುವವರಲ್ಲಿ ಚಾಲ್ತಿಯಲ್ಲಿದೆ. ಬೆಳೆದ ನಾಯಿ ಒಂದು ದಿನ ಉಪವಾಸವಿದ್ದರೆ ಹೆದರಬೇಕಿಲ್ಲ. ನೀರೂ ಕುಡಿಯದಿದ್ದರೆ, ವಾಂತಿ ಭೇದಿ ಇದ್ದರೆ, 48 ಗಂಟೆ ಕಳೆದರೂ ತಿನ್ನದಿದ್ದರೆ ಡಾಕ್ಟರ್ ಹತ್ತಿರ ಕರೆದೊಯ್ಯಿರಿ.

ಹೊರಗೆ ಕರ್ಕೊಂಡು ಹೋದಾಗ ಕಿತ್ಕೊಂಡು ಓಡಿಬಿಟ್ರೆ ಅಂತ ಭಯ.

ಭಯ ಸರಿಯಾದದ್ದೇ. ಮೊದಲ ವಾರಗಳಲ್ಲಿ ನಾಯಿ ಕಳೆದುಹೋಗುವುದು ಮುಖ್ಯವಾಗಿ ಮೂರು ಕಡೆ: ಡೆಲಿವರಿ ಹುಡುಗನಿಗೆಂದು ತೆರೆದ ಮುಂಬಾಗಿಲು, ಕಾರಿನ ಬಾಗಿಲು, ಕತ್ತಿನಿಂದ ಹಿಂದಕ್ಕೆ ಕಳಚುವ ಬೆಲ್ಟು. ನಾಟಿ ನಾಯಿಯ ತಲೆ ಸಪೂರ. ಹಿಂದಕ್ಕೆ ಜಗ್ಗಿದರೆ ಸಾಧಾರಣ ಬೆಲ್ಟು ಕಿವಿ ದಾಟಿ ಬಂದುಬಿಡುತ್ತದೆ. ಆದ್ದರಿಂದ ಬೆಲ್ಟಿಗೊಂದು, ಎದೆಯ ಸುತ್ತ ತೊಡಿಸುವ ಪಟ್ಟಿಯಾದ ಹಾರ್ನೆಸ್‌ಗೊಂದು ಎಂದು ಎರಡು ಹಗ್ಗ ಹಾಕಿ. ಬೆಲ್ಟಿನೊಳಗೆ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ ಇರಲಿ. ಫೋನ್ ನಂಬರ್ ಕೆತ್ತಿದ ಬಿಲ್ಲೆಯನ್ನು ಶೆಲ್ಟರ್‌ನಲ್ಲೇ ಕಟ್ಟಿ ಹೊರಡಿ. ಮುಂಬಾಗಿಲ ಒಳಗೆ ಮಕ್ಕಳಿಗೆ ಹಾಕುವಂಥ ಅಡ್ಡಗೇಟು ಹಾಕಿಸಿ.

ಓಡಿಯೇ ಹೋದರೆ ಅಟ್ಟಿಸಿಕೊಂಡು ಹೋಗಬೇಡಿ, ಹೆಸರು ಕೂಗಬೇಡಿ. ಆ ಹೆಸರು ಅದಕ್ಕಿನ್ನೂ ಗೊತ್ತಿಲ್ಲ. ಕಣ್ಣಿಗೆ ಬಿದ್ದರೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ಊಟ ಚೆಲ್ಲಿ. ಕೂಡಲೇ ಶೆಲ್ಟರ್‌ಗೆ, ಸುತ್ತಲಿನ ಸೆಕ್ಯುರಿಟಿಯವರಿಗೆ ಫೋಟೊ ಕಳಿಸಿ. ಹೆದರಿದ ನಾಯಿ ಹಗಲು ಅಡಗಿ ಕೂರುತ್ತದೆ, ಸದ್ದಡಗಿದ ಮೇಲೆ ಹೊರಬರುತ್ತದೆ. ರಾತ್ರಿ ಹನ್ನೊಂದರ ನಂತರ ಮತ್ತು ಬೆಳಗಿನ ಜಾವ ಹುಡುಕಿ. ತಪ್ಪಿದ ಜಾಗದಲ್ಲಿ ನೀವು ಉಟ್ಟ ಬಟ್ಟೆ ಇಟ್ಟುಬನ್ನಿ.

ಲಸಿಕೆ, ಮರಿ ಆಗದ ಹಾಗೆ ಮಾಡೋ ಆಪರೇಷನ್ ಎಲ್ಲ ಆಗಿದೆ ಅಂದ್ರು. ಮತ್ತೆ ಡಾಕ್ಟರ್ ಹತ್ರ ಹೋಗ್ಬೇಕಾ?

ಮೂರು ನಾಲ್ಕು ದಿನದೊಳಗೆ ಹೋಗಿ. ಲಸಿಕೆ ಪುಸ್ತಕದಲ್ಲಿ ಸ್ಟಿಕ್ಕರ್, ತಾರೀಖು, ಸಹಿ ಇವೆಯೇ ನೋಡಿ, ಇಲ್ಲದಿದ್ದರೆ ಲಸಿಕೆ ಆಗಿಲ್ಲವೆಂದೇ ತಿಳಿದು ಮತ್ತೆ ಹಾಕಿಸಿ. ರೇಬಿಸ್ ಲಸಿಕೆ ನಮ್ಮಲ್ಲಿ ವರ್ಷಕ್ಕೊಮ್ಮೆ, ಜಂತುಹುಳದ ಔಷಧ ಮೂರು ತಿಂಗಳಿಗೊಮ್ಮೆ.

ರಕ್ತಪರೀಕ್ಷೆ ಬಿಡಬೇಡಿ. ಉಣ್ಣೆ ಹುಳ ಕಚ್ಚಿ ಬರುವ ಟಿಕ್ ಫೀವರ್ ನಮ್ಮ ಊರುಗಳ ನಾಯಿಗಳಿಗೆ ದೊಡ್ಡ ಶತ್ರು. ಸೋಂಕು ತಗುಲಿ ಒಂದರಿಂದ ಮೂರು ವಾರ ನಾಯಿ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಒಸಡು ಬಿಳಿಚಿಕೊಳ್ಳುವುದು, ಜ್ವರ, ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತದಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಎಂದು ಕೇಳಿ. ಎರ್ಲಿಕಿಯಾ ಎಂಬ ಸೋಂಕಾದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ವಾರದಲ್ಲಿ ಚೇತರಿಸಿತೆಂದು ನಿಲ್ಲಿಸಿದರೆ ಮರುಕಳಿಸುತ್ತದೆ. ಹಗಲು ನೀವು ಮನೆಯಲ್ಲಿಲ್ಲದ ಕಾರಣ ಮಂಕುತನ ಕಣ್ತಪ್ಪುವುದು ಸುಲಭ. ಸಂಜೆ ಬಂದ ಕೂಡಲೇ ತುಟಿ ಎತ್ತಿ ಒಸಡು ನೋಡಿ, ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಬೆರಳಾಡಿಸಿ. ಉಣ್ಣೆ ತಡೆಯುವ ಔಷಧ ತಿಂಗಳು ತಪ್ಪಬಾರದು.

ಜ್ವರ ಬಂತೆಂದು ನಿಮ್ಮ ಮಾತ್ರೆ ಕೊಡಬೇಡಿ. ನಾವು ನುಂಗುವ ಜ್ವರದ, ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಹುದು.

## ದಿನಚರಿ

ಕೆಲಸದ ದಿನ ಟೈಮ್‌ಟೇಬಲ್ ಹೇಗಿರ್ಬೇಕು?

ಒಂಬತ್ತಕ್ಕೆ ಹೊರಡುವವರಾದರೆ 6.45ಕ್ಕೆ ಬೀದಿಯಲ್ಲಿರಿ. 45 ನಿಮಿಷದ ನಡಿಗೆಯಲ್ಲಿ ಅರ್ಧದಷ್ಟು ಹೊತ್ತು ಅದು ಎಲ್ಲಿ ಮೂಸುತ್ತದೋ ಅಲ್ಲಿ ನಿಲ್ಲಿ. ಮೂಸುವುದರಿಂದ ನಾಯಿಯ ತಲೆ ದಣಿಯುತ್ತದೆ. ಬರೀ ಓಡಿಸಿದರೆ ಕಾಲು ಗಟ್ಟಿಯಾಗುತ್ತದೆ, ದಣಿವು ಬರುವುದಿಲ್ಲ. ಎಂಟಕ್ಕೆ ಊಟ. ನಂತರ ಮುದ್ದಾಟ ಬೇಡ, ಅದು ಮಲಗಲು ಬಿಡಿ. ಹೊರಡುವಾಗ ರಬ್ಬರ್ ಆಟಿಕೆಯೊಳಗೆ ಒಗ್ಗರಣೆ ಇಲ್ಲದ ಮೊಸರನ್ನ ತುಂಬಿ ರಾತ್ರಿಯೇ ಫ್ರೀಜರಿನಲ್ಲಿಟ್ಟದ್ದನ್ನು ಕೊಡಿ. ನೆಕ್ಕಿ ಮುಗಿಸಲು ಅರ್ಧ ಗಂಟೆ ಹಿಡಿಯುತ್ತದೆ. "ಬರ್ತೀನಿ ಚಿನ್ನಾ" ಎಂದು ಬಾಗಿಲಲ್ಲಿ ನಿಂತು ರಾಗ ಎಳೆಯಬೇಡಿ.

ಒಂದೂವರೆಗೆ ವಾಕರ್. ಇಪ್ಪತ್ತು ನಿಮಿಷ ಸಾಕು. ಏಪ್ರಿಲ್, ಮೇ ಬಿಸಿಲಲ್ಲಿ ಡಾಂಬರಿನ ಮೇಲೆ ಅಂಗೈ ಹಿಂಭಾಗವನ್ನು ಏಳು ಸೆಕೆಂಡ್ ಇಟ್ಟುನೋಡಲು ಅವರಿಗೆ ಹೇಳಿ. ಕೈ ಸುಟ್ಟರೆ ನೆರಳಿನ ಮಣ್ಣಿನ ಜಾಗಕ್ಕೆ ಮಾತ್ರ ಹೋಗಲಿ. ಸಂಜೆ ಬಂದ ಕೂಡಲೇ ಕೆಳಗೆ, ಆಮೇಲೆ ನಿಮ್ಮ ಕಾಫಿ. ಎಂಟಕ್ಕೆ ಊಟ, ಹತ್ತೂವರೆಗೆ ಕಡೆಯ ಸುತ್ತು.

ಏನು ಹಾಕ್ಬೇಕು? ನಮ್ಮನೇಲಿ ಮಾಂಸ ಮಾಡಲ್ಲ.

15 ಕೆ.ಜಿ.ಯ ನಾಯಿಗೆ ದಿನಕ್ಕೆ ಸುಮಾರು 220ರಿಂದ 250 ಗ್ರಾಂ ಒಣ ಆಹಾರ, ಎರಡು ಹೊತ್ತಿಗೆ ಹಂಚಿ. ಚೀಲದ ಹಿಂದಿನ ಪಟ್ಟಿ ನೋಡಿ ಹೊಂದಿಸಿಕೊಳ್ಳಿ. ಬರೀ ಮೊಸರನ್ನ, ಹಾಲು ಅನ್ನದಲ್ಲಿ ಪ್ರೋಟೀನ್ ಸಾಲದು. ಕೂದಲು ಉದುರುತ್ತದೆ, ಮೈ ಊದುತ್ತದೆ. ಮೊಟ್ಟೆ ಬೇಯಿಸಲು ಒಪ್ಪಿದರೆ ದಿನಕ್ಕೊಂದು ಕೊಡಿ. ಪೂರ್ತಿ ಮನೆಯೂಟವೇ ಎಂದಾದರೆ ಪಶುವೈದ್ಯರಿಂದ ಪ್ರಮಾಣ ಬರೆಸಿಕೊಳ್ಳಿ.

ಸಾರು, ಹುಳಿಯಲ್ಲಿರುವ ಈರುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹೊಡೆತ. ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್, ಬೇಯಿಸಿದ ಮೂಳೆ ಕೂಡದು. ಹಬ್ಬದ ದಿನ ಮನೆಗೆ ಬರುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡಿ, ಪ್ರೀತಿಯಿಂದ ತಿನ್ನಿಸಿಬಿಡುತ್ತಾರೆ.

ನಾವಿಲ್ದಾಗ ಕಟ್ಟಿ ಹಾಕ್ಬಹುದಾ? ಬಾಲ್ಕನಿಯಲ್ಲಿ ಬಿಟ್ರೆ?

ಎರಡೂ ಬೇಡ. ಕಟ್ಟಿದ ಹಗ್ಗ ಕುರ್ಚಿ ಕಾಲಿಗೋ ಕತ್ತಿಗೋ ಸುತ್ತಿಕೊಂಡರೆ ಬಿಡಿಸಲು ಯಾರೂ ಇರುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ವಿಪರೀತ ಹೊತ್ತು ಗಿಡ್ಡ ಸರಪಳಿಯಲ್ಲಿ ಕಟ್ಟಿಡುವುದೂ, ಕಟ್ಟಿಯೇ ಸಾಕುವ ನಾಯಿಗೆ ವ್ಯಾಯಾಮ ಕೊಡದಿರುವುದೂ ಹಿಂಸೆಯೇ. ಬಾಲ್ಕನಿಯಲ್ಲಿ ಬಿಸಿಲು, ಮಳೆ, ಪಾರಿವಾಳದ ಹಿಂದೆ ಜಿಗಿಯುವ ಅಪಾಯ. ನಡುಮನೆ ಅಥವಾ ಒಂದು ಕೋಣೆ ಬಿಟ್ಟುಕೊಡಿ. ಫ್ಯಾನ್, ಹಾಸಿಗೆ, ಮಗುಚದ ಎರಡು ಬಟ್ಟಲಲ್ಲಿ ನೀರು ಇರಲಿ. ಕಸದ ಬುಟ್ಟಿ, ಚಾರ್ಜರ್ ವೈರು, ಸೊಳ್ಳೆ ಬತ್ತಿ, ಇಲಿ ಪಾಷಾಣ ಅಲ್ಲಿಂದ ತೆಗೆಯಿರಿ.

ಒಂಟಿ ಆಗತ್ತೆ ಅಂತ ಎರಡು ತಂದ್ರೆ?

ಒಟ್ಟಿಗೆ ಎರಡು ಬೇಡ. ಮನುಷ್ಯರಿಲ್ಲವೆಂದು ಹೆದರುವ ನಾಯಿಗೆ ಇನ್ನೊಂದು ನಾಯಿಯಿಂದ ಧೈರ್ಯ ಬರುವುದು ಕಡಿಮೆ. ಎಷ್ಟೋ ಸಲ ಊಳಿಡುವ ಬಾಯಿ ಎರಡಾಗುತ್ತವೆ. ಶೆಲ್ಟರ್‌ನಲ್ಲೇ ಒಂದನ್ನೊಂದು ಬಿಟ್ಟಿರದ ಜೋಡಿ ಇದ್ದರೆ ಮಾತ್ರ ಈ ಮಾತಿಗೆ ವಿನಾಯಿತಿ.

## ಕಷ್ಟದ ಸಂಗತಿಗಳು

ನಾವು ಹೋದ ಕೂಡ್ಲೇ ಊಳಿಡತ್ತಂತೆ, ಬಾಗ್ಲೆಲ್ಲ ಕೆರೆದು ಹಾಕಿದೆ. ಬೇಜಾರಿಗಾ, ಭಯಕ್ಕಾ?

ಎರಡಕ್ಕೂ ಪರಿಹಾರ ಬೇರೆ ಬೇರೆ, ಹಾಗಾಗಿ ಮೊದಲು ಯಾವುದೆಂದು ತಿಳಿದುಕೊಳ್ಳಿ. ಸಂಜೆ ಬಂದಾಗ ಮುಂಬಾಗಿಲ ಕೆಳ ಅಂಚು ನೋಡಿ. ಕೆರೆತ ಬಾಗಿಲು, ಚಿಲಕ, ಕಿಟಕಿಯ ಹತ್ತಿರವೇ ಇದ್ದು, ನೆಲದಲ್ಲಿ ಜೊಲ್ಲು ಹರಡಿದ್ದು, ಬೆಳಗ್ಗೆ ಕೊಟ್ಟ ಮೊಸರನ್ನದ ಆಟಿಕೆ ಮುಟ್ಟದೆ ಬಿದ್ದಿದ್ದು, ನೀವು ಬಂದ ಮೇಲೆ ಅದನ್ನು ಗಬಗಬ ತಿಂದರೆ ಅದು ಭಯ. ಆಟಿಕೆ ಖಾಲಿಯಾಗಿ, ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ, ದಿಂಬು ಹರಿದಿದ್ದರೆ ಬೇಜಾರು. ವಿಡಿಯೊದಲ್ಲಿ ಸಮಯ ನೋಡಿದರೆ ಖಚಿತವಾಗುತ್ತದೆ.

ಬೇಜಾರಿಗೆ ಬೆಳಗಿನ ನಡಿಗೆ ಹೆಚ್ಚಿಸಿ, ಊಟದ ಒಂದು ಪಾಲನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಬಚ್ಚಿಡಿ. ಭಯಕ್ಕೆ ಇದರಿಂದ ಏನೂ ಆಗದು. ಭಯದ ನಾಯಿಗೆ ಬೀಗದ ಕೈ ಸದ್ದು, ಶೂ, ಬ್ಯಾಗ್ ಇವೇ ಮುನ್ಸೂಚನೆ. ದಿನಕ್ಕೆ ಹತ್ತು ಸಲ ಬೀಗದ ಕೈ ಎತ್ತಿ ಸೋಫಾದಲ್ಲಿ ಕೂರಿ, ಶೂ ಹಾಕಿಕೊಂಡು ಟೀವಿ ನೋಡಿ. ಆ ಸದ್ದಿಗೆ ತಲೆ ಎತ್ತುವುದನ್ನು ನಾಯಿ ಬಿಟ್ಟ ಮೇಲೆ ಸೆಕೆಂಡುಗಳ ಅಭ್ಯಾಸ ಮೊದಲಿನಿಂದ ಶುರು ಮಾಡಿ. ಅಭ್ಯಾಸ ನಡೆಯುವಷ್ಟು ವಾರ ಅದು ತಾಳುವುದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿರಬಾರದು. ಡೇಕೇರ್, ಸರದಿಯ ಮೇಲೆ ವರ್ಕ್ ಫ್ರಂ ಹೋಮ್, ಊರಿಂದ ಅಮ್ಮ, ಯಾರಾದರೂ ಸರಿ. ಒಂದು ದಿನದ ಗಾಬರಿ ವಾರದ ಕೆಲಸವನ್ನು ಕೆಡಿಸುತ್ತದೆ. ಹಲ್ಲು, ಉಗುರು ಮುರಿದುಕೊಳ್ಳುವಷ್ಟು ತೀವ್ರವಾದರೆ ಫ್ಲುಆಕ್ಸೆಟಿನ್‌ನಂಥ ಔಷಧವನ್ನು ವೈದ್ಯರು ಬರೆಯುತ್ತಾರೆ. ಅದು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು, ಅಭ್ಯಾಸವೂ ಜೊತೆಗೇ ನಡೆಯಬೇಕು. ಔಷಧ ಕೊಡಿಸುವುದಕ್ಕೆ ಹಿಂಜರಿಯಬೇಡಿ.

ಬೈದರೆ, ಹೊಡೆದರೆ ನೀವು ಮನೆಗೆ ಬರುವುದೂ ಅದಕ್ಕೆ ಭಯವಾಗುತ್ತದೆ.

ಆಟ ಆಡ್ತಾ ಮಗೂಗೆ ಹಲ್ಲು ತಾಗಿ ರಕ್ತ ಬಂತು. ನಾಯಿಗೆ ಲಸಿಕೆ ಆಗಿದೆಯಲ್ಲ?

ಆಗಿದ್ದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಕಾಫಿಪುಡಿ ಹಚ್ಚಬೇಡಿ. ಚುಚ್ಚುಮದ್ದು ಎಷ್ಟು ಎಂಬುದನ್ನು ಡಾಕ್ಟರ್ ಹೇಳಲಿ, ನಾಯಿಯ ಲಸಿಕೆ ಪುಸ್ತಕ ಜೊತೆಗೆ ಒಯ್ಯಿರಿ. ನಾಯಿಯ ಮೇಲೆ ಹತ್ತು ದಿನ ನಿಗಾ ಇರಲಿ.

ದೀಪಾವಳಿಗೆ ಏನು ಮಾಡೋದು?

ಆ ಮೂರು ದಿನ ಸಂಜೆ ಒಬ್ಬರು ಬೇಗ ಬರಲೇಬೇಕು. ಕತ್ತಲಾಗುವ ಮುಂಚೆ ವಾಕಿಂಗ್ ಮುಗಿಸಿ. ಕಿಟಕಿ ಕಡಿಮೆ ಇರುವ ಕೋಣೆಯಲ್ಲಿ ಪರದೆ ಎಳೆದು, ಫ್ಯಾನ್ ಜೋರಾಗಿಟ್ಟು, ಹಾಡು ಹಾಕಿ. ಹಿಂದಿನ ಮನೆಯಲ್ಲಿ ಪಟಾಕಿಗೆ ತುಂಬ ಹೆದರುತ್ತಿತ್ತು ಎಂದಿದ್ದರೆ ಎರಡು ವಾರ ಮೊದಲೇ ವೈದ್ಯರನ್ನು ಕಾಣಿ. ಮೈ ಜಡ ಮಾಡುವ ಮಾತ್ರೆಯಿಂದ ಭಯ ಇಳಿಯುವುದಿಲ್ಲ. ಭಯ ತಗ್ಗಿಸುವ ಔಷಧವನ್ನೇ ಕೇಳಿ, ಹಬ್ಬಕ್ಕೆ ಮೊದಲು ಒಂದು ದಿನ ಕೊಟ್ಟು ನೋಡಿ.

ಎಲ್ಲಾ ಮಾಡಿದ್ವಿ, ಆಗ್ತಾ ಇಲ್ಲ. ವಾಪಸ್ ಕೊಟ್ರೆ ಪಾಪ ಬರತ್ತಾ?

ಸರಿಹೊಂದದ ಮನೆಯಲ್ಲಿ ವರ್ಷಗಟ್ಟಲೆ ಹೆದರಿ ಬದುಕುವುದಕ್ಕಿಂತ ಶೆಲ್ಟರ್‌ಗೆ ಮರಳುವುದು ನಾಯಿಗೆ ಒಳ್ಳೆಯದು. ಆದರೆ ಮೊದಲು ಮೂರು ತಿಂಗಳು ಕೊಡಿ. ನೋವಿದೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿ, ನಡವಳಿಕೆ ತಿಳಿದವರನ್ನು ಒಮ್ಮೆ ಮನೆಗೆ ಕರೆಸಿ. ಗಂಭೀರವಾಗಿ ಕಚ್ಚಿದ್ದರೆ ಕಾಯಬೇಡಿ, ಅದೇ ದಿನ ಶೆಲ್ಟರ್‌ಗೆ ತಿಳಿಸಿ. ಕೊಡುವುದಾದರೆ ತಂದ ಶೆಲ್ಟರ್‌ಗೇ ಕೊಡಿ. ದತ್ತು ಕರಾರಿನಲ್ಲೂ ಸಾಮಾನ್ಯವಾಗಿ ಹಾಗೇ ಬರೆದಿರುತ್ತದೆ. ಗೊತ್ತಿರುವವರ ತೋಟಕ್ಕೆ ಬಿಡಬೇಡಿ. ಹೆದ್ದಾರಿ ಬದಿಗೆ ಬಿಟ್ಟುಬರುವುದು ಕಾನೂನಿನ ಪ್ರಕಾರವೂ ಅಪರಾಧ.

ಕೊಡುವಾಗ ಒಂದು ಹಾಳೆಯಲ್ಲಿ ಬರೆದು ಕೊಡಿ: ಎಷ್ಟು ಹೊತ್ತು ಒಂಟಿಯಾಗಿ ಇರುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಏನು ತಿನ್ನುತ್ತದೆ, ಲಿಫ್ಟಿಗೆ ಬರುತ್ತದೋ ಇಲ್ಲವೋ, ಮಕ್ಕಳ ಜೊತೆ ಹೇಗೆ, ಯಾವ ಔಷಧ ಎಷ್ಟು ದಿನ ಆಯಿತು. ಹಗಲು ಯಾರಾದರೂ ಇರುವ ಮನೆ ಇದಕ್ಕೆ ಬೇಕು ಎಂದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.